ಹೃದಯದ ವಾರ್ಡಿಗೆ ಬೋಣಿ

ಚಳ್ಳಕೆರೆ ಪೇಟೆಯಲ್ಲಿ ಯಾರೇ ಹೊಸ ಅಂಗಡಿ ತೆರೆಯಲಿ, ದೇವರ ಪಟಕ್ಕೆ ಹೂ ಹಾಕಿದ ಮೇಲೆ ಕರೆ ಹೋಗುತ್ತಿದ್ದದ್ದು ಶೇಂಗಾ ವ್ಯಾಪಾರಿ ಮುರುಗೇಂದ್ರಪ್ಪನಿಗೆ. ಮೊದಲ ವ್ಯಾಪಾರ ಅವನ ಕೈಯಿಂದಲೇ ಆಗಬೇಕು. ಅವನು ಬೋಣಿ ಮಾಡಿದ ಅಂಗಡಿ ಬಾಗಿಲು ಹಾಕಿದ್ದಿಲ್ಲ ಎಂಬುದು ಊರಿನ ನಂಬಿಕೆ. ಆ ಪುಣ್ಯಾತ್ಮನಿಗೂ ಅದೊಂದು ಹುಚ್ಚು. ಕಣ್ಣು ಹದ್ದಿನ ಕಣ್ಣಾಗಿದ್ದರೂ ಕನ್ನಡಕದಂಗಡಿಯ ಬೋಣಿಗೆಂದು ಕೊಂಡ ಕನ್ನಡಕ ಮನೆಯಲ್ಲಿ ಬಿದ್ದಿತ್ತು. ಹೊಸ ಕ್ಷೌರದಂಗಡಿ ಶುರುವಾದ ದಿನ, ಬೆಳಿಗ್ಗೆಯಷ್ಟೇ ಬೋಳಿಸಿಕೊಂಡಿದ್ದ ಗಡ್ಡಕ್ಕೇ ಮತ್ತೆ ಸೋಪು ಹಚ್ಚಿಸಿಕೊಂಡು ಕೂತಿದ್ದ.

“ನಾಳೆ ಯಾರಾದ್ರೂ ಎತ್ತಿಗೆ ಲಾಳ ಹೊಡೆಯೋ ಅಂಗಡಿ ಇಟ್ರೆ ಕಾಲು ಕೊಡ್ತೀರೇನ್ರಿ?” ಎಂದು ಹೆಂಡತಿ ವೀರಮ್ಮ ಛೇಡಿಸುತ್ತಿದ್ದಳು.

“ಬೋಣಿ ಹೊತ್ತಿನಾಗೆ ಇಲ್ಲ ಅನ್ಬಾರ್ದು ಕಣೇ,” ಎಂದು ಅವನು ನಗುತ್ತಿದ್ದ.

ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ಮನುಷ್ಯ ಎದೆ ಹಿಡಿದುಕೊಂಡು ಶೇಂಗಾ ಚೀಲಗಳ ನಡುವೆ ಕುಸಿದ. ಹೃದಯಕ್ಕೆ ಹೋಗುವ ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಆಗಬೇಕು ಎಂದರು ಡಾಕ್ಟರು. ತಿಂಗಳೊಪ್ಪತ್ತು ಕಾಯಬಹುದು, ಬೆಂಗಳೂರಿನಂಥ ಕಡೆ ಮಾಡಿಸಿ ಎಂದೂ ಹೇಳಿದರು. ವೀರಮ್ಮ ಮನೆಗೆ ಬಂದವಳೇ ಬಟ್ಟೆ ಜೋಡಿಸತೊಡಗಿದಳು.

ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ಸೀರೆ ಅಂಗಡಿಯ ಶಿವಬಸಮ್ಮ ಬಂದಿಳಿದಳು. ಕೈಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ. ಅವಳ ಮಗ ಶಶಿಕಾಂತ್ ಮದ್ರಾಸಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಕಲಿತು ಬಂದಿದ್ದ. ಚಳ್ಳಕೆರೆಯ ಹೆದ್ದಾರಿ ಪಕ್ಕದ ಹೊಸ ಆಸ್ಪತ್ರೆಯಲ್ಲಿ ಅವನಿಗಾಗಿಯೇ ಹೃದಯದ ವಾರ್ಡು ಸಿದ್ಧವಾಗಿತ್ತು.

“ಅಣ್ಣಾರೆ, ನಮ್ಮ ಅಂಗಡಿ ಬೋಣಿ ನಿಮ್ದೇ. ಅದರಿಂದ್ಲೇ ಮನೆ ಉದ್ಧಾರ ಆತು. ನನ್ನ ಮಗನ ವಾರ್ಡಿಗೂ ನೀವೇ ಬೋಣಿ ಮಾಡ್ರಿ,” ಎಂದು ತಟ್ಟೆ ಮುಂದಿಟ್ಟಳು. ಮಗನ ಕೈಗುಣ ತಾಯಿಗೆ ಖಾತ್ರಿಯಿತ್ತು. ಅವಳಲ್ಲಿ ಕಪಟವೇನೂ ಇರಲಿಲ್ಲ.

ವೀರಮ್ಮನ ಜೀವ ಬಾಯಿಗೆ ಬಂತು. ಗಂಡನನ್ನು ಒಳಗೆ ಕರೆದು, “ಹೊಸ ಹಂಚಿನ ಮೊದಲ್ನೇ ದೋಸೆ ಎದ್ದು ಬರಲ್ಲ ಕಣ್ರಿ. ಇದು ಗಡ್ಡ, ಕನ್ನಡಕ ಅಲ್ಲ. ಬ್ಯಾಡ,” ಎಂದಳು.

“ಬಿಡ್ತು ಅನ್ನು. ಮನೆಗೆ ಬಂದ ವೀಳ್ಯ ವಾಪಸ್ ಕಳಿಸ್ಲಾ?”

ಇಬ್ಬರೂ ಆಸ್ಪತ್ರೆಗೆ ಹೋದರು. ಶಶಿಕಾಂತ್ ಒಳ್ಳೆಯ ಹುಡುಗ, ಮುಚ್ಚುಮರೆ ಮಾಡಲಿಲ್ಲ. “ದೊಡ್ಡಮ್ಮ, ಮದ್ರಾಸಿನಾಗೆ ದೊಡ್ಡ ಡಾಕ್ಟ್ರ ಪಕ್ಕ ನಿಂತು ಬೇಕಾದಷ್ಟು ಮಾಡೀನಿ. ನಾನೇ ಮುಂದೆ ನಿಂತು ಮಾಡಿದ್ದು ಕಡಿಮೆ. ಇಲ್ಲಂತೂ ಇದೇ ಮೊದಲು. ಬೆಂಗಳೂರಿನಾಗೆ ದಿನಾ ಮಾಡ್ತಾರೆ. ಡಾಕ್ಟ್ರ ಕೈಯಷ್ಟೇ ಅಲ್ಲ, ನರ್ಸುಗಳಿಂದ ಹಿಡಿದು ಎಲ್ರಿಗೂ ರೂಢಿ ಆಗಿರ್ತೈತೆ. ಅಲ್ಲಿಗೇ ಹೋಗ್ತೀವಿ ಅಂದ್ರೆ ನನಗೇನೂ ಬ್ಯಾಸರ ಇಲ್ಲ,” ಎಂದ.

ವೀರಮ್ಮ ಗಂಡನ ಮುಖ ನೋಡಿದಳು. ಅವನು ಹುಡುಗನ ಬೆನ್ನು ತಟ್ಟುತ್ತಿದ್ದ. “ಎಲ್ರೂ ಬೆಂಗ್ಳೂರಿಗೆ ಹೋದ್ರೆ ನಿಮಗೆ ರೂಢಿ ಆಗೋದು ಯಾವಾಗಪ್ಪ? ಮಾಡು ನೀನು.” ಹೋಗೋಣ ಬನ್ನಿ ಎಂದು ಗಂಡನ ರಟ್ಟೆ ಹಿಡಿದು ಎಳೆಯಬೇಕೆಂದು ವೀರಮ್ಮನಿಗೆ ಅನಿಸಿತು. ಬೋಣಿಯ ಮಾತಾದ ಮೇಲೆ ಅಪಶಕುನ ನುಡಿಯಬಾರದೆಂದು ಅವಳು ಬಾಯಿ ಮುಚ್ಚಿಕೊಂಡಳು.

ಆಪರೇಷನ್ ಮುಗಿಸಿ ಹೊರಬಂದ ಶಶಿಕಾಂತನ ಮುಖ ಅರಳಿತ್ತು. ಕಾಲಿನಿಂದ ತೆಗೆದ ರಕ್ತನಾಳ ಹೃದಯಕ್ಕೆ ಚೆನ್ನಾಗಿ ಕೂತಿದೆ ಎಂದ. ವೀರಮ್ಮ ಗಾಜಿನ ಈಚೆಯಿಂದ ಗಂಡನನ್ನು ನೋಡಿದಳು. ಎದೆಯಿಂದ ಹೊರಟ ಟ್ಯೂಬಿನಲ್ಲಿ ರಕ್ತ ಇಳಿದು ಬಾಟಲಿ ಸೇರುತ್ತಿತ್ತು. ಶಶಿಕಾಂತ್ ಊಟಕ್ಕೆಂದು ಕ್ವಾರ್ಟರ್ಸಿಗೆ ಹೋದ. ಸಂಜೆಯ ಹೊತ್ತಿಗೆ ರಕ್ತ ಇಳಿಯುವುದು ನಿಂತಿತು.

“ರಕ್ತ ನಿಂತೈತಮ್ಮ, ಒಳ್ಳೇದಾತು,” ಎಂದಳು ನರ್ಸ್ ಸ್ವಪ್ನ. ವೀರಮ್ಮ ಆ ಹುಡುಗಿಗೆ ಕೈಮುಗಿದಳು, ಗೌರಸಮುದ್ರದ ಮಾರಮ್ಮನಿಗೂ ಮುಗಿದಳು.

ರಕ್ತ ಎಲ್ಲಿ ನಿಂತಿತ್ತು! ಟ್ಯೂಬಿನೊಳಗೆ ಹೆಪ್ಪುಗಟ್ಟಿಕೊಂಡಿತ್ತು. ಹೊರಬರಬೇಕಾದ ರಕ್ತ ಒಳಗೇ ತುಂಬಿ ಹೃದಯವನ್ನು ಅದುಮುತ್ತಿತ್ತು. ಬಿಪಿ ಇಳಿಯಿತು. ಡ್ಯೂಟಿ ಡಾಕ್ಟರು ಇನ್ನೊಂದು ಸಲೈನ್ ಬಾಟಲಿ ಏರಿಸಿ ನೋಡೋಣ ಎಂದರು, ಮತ್ತೆ ಮತ್ತೊಂದು ಏರಿಸಿದರು. ಯಾರೂ ಸೋಮಾರಿಗಳಲ್ಲ, ಎಲ್ಲರೂ ಓಡಾಡುತ್ತಲೇ ಇದ್ದರು. ಯಾರೂ ಇಂಥದ್ದನ್ನು ನೋಡಿರಲಿಲ್ಲ ಅಷ್ಟೆ. ಶಶಿಕಾಂತನನ್ನು ಕರೆಸುವಷ್ಟರಲ್ಲಿ ಕಾಲ ಮಿಂಚಿತ್ತು. ಎದೆ ಬಿಚ್ಚಿದ ಕೈಯಲ್ಲೇ ಅವನು ಹೊರಬಂದು ಗೋಡೆಗೊರಗಿ ಕೂತುಬಿಟ್ಟ.

“ಹೊಲಿಗೆ ಸರಿಯಾಗೇ ಇತ್ತು ದೊಡ್ಡಮ್ಮ. ಟ್ಯೂಬ್ ಕಟ್ಕೊಂಡಿದ್ದು ಯಾರಿಗೂ ತಿಳೀಲಿಲ್ಲ. ನಾನು ಇಲ್ಲೇ ಇರ್ಬೇಕಿತ್ತು,” ಎಂದು ಅತ್ತ.

ವರ್ಷಗಳು ಉರುಳಿದವು. ಹೃದಯದ ವಾರ್ಡು ಮುಚ್ಚಲಿಲ್ಲ. ಬರಬರುತ್ತ ಜನ ಹೆಚ್ಚಿದರು, ಡಾಕ್ಟರ ಹೆಸರು ಆಂಧ್ರದ ಗಡಿಯಾಚೆಗೂ ಹಬ್ಬಿತು. ಒಂದು ಮಧ್ಯಾಹ್ನ ಗೌರಸಮುದ್ರದ ಕುರಿಗಾರ ಜುಂಜಪ್ಪ ಹೆಗಲ ಮೇಲೆ ಹೊಸ ಕಂಬಳಿ ಹಾಕಿಕೊಂಡು ಬಂದ. ಮುರುಗೇಂದ್ರಪ್ಪನಿಗೆ ಶೇಂಗಾ ಹಾಕುತ್ತಿದ್ದ ಹಳೆಯ ಪರಿಚಯದವನು.

“ನನಗೂ ಅಲ್ಲೇ ಬೈಪಾಸ್ ಆತು ಅಮ್ಮಾರೆ. ಸಾವ್ಕಾರ್ರು ಬೋಣಿ ಮಾಡಿದ ಜಾಗ ಅಲ್ವಾ, ಅವ್ರ ಕೈಗುಣ, ಬದುಕ್ಕೊಂಡೆ,” ಎಂದು ಕಂಬಳಿಯನ್ನು ಅವಳ ಮುಂದಿಟ್ಟ.

ವೀರಮ್ಮ ಮುಂದಕ್ಕೆ ಬಾಗಿ ಕೇಳಿದಳು, “ಟ್ಯೂಬಿನಾಗೆ ರಕ್ತ ಬರೋದು ನಿಲ್ಲಲಿಲ್ವಾ ಜುಂಜಪ್ಪ?”

“ನಿಂತಿತ್ತಂತೆ ಕಣಮ್ಮ! ಸ್ವಪ್ನ ಅಂತ ನರ್ಸಮ್ಮ ಐತಲ್ಲ, ಕಂಡ ತಕ್ಷಣ ಕೂಗ್ಕೊಂಡು ಓಡಿ ಡಾಕ್ಟ್ರನ್ನ ಎಳ್ಕೊಂಡು ಬಂದ್ಲಂತೆ. ಮತ್ತೆ ಎದೆ ತೆಗೆದು ಸರಿ ಮಾಡಿದ್ರು. ನಿಮಗೆಂಗೆ ಗೊತ್ತಾತು?”

ಬದುಕಿ ಬಂದವನ ಮುಖ ನೋಡಿ ಅವಳಿಗೆ ಹೊಟ್ಟೆ ಉರಿಯಿತು, ಹಿಂದೆಯೇ ನಾಚಿಕೆಯಾಯಿತು. ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡು ಸವರಿದಳು.

“ಕೈಗುಣ ಅಲ್ಲ ಕಣಪ್ಪ. ಆ ಹುಡುಗಿ ಅದನ್ನ ನಮ್ಮನೆಯವರ ಮ್ಯಾಲೆ ಕಲಿತ್ಲು,” ಎಂದಳು. “ನಾವು ನಿನ್ನ ಆಮೇಲೆ ಹೋಗಿದ್ರೆ ಸಾಕಿತ್ತು, ಅವ್ರೂ ಉಳೀತಿದ್ರು.”