ಕಿಟಕಿಯೊಳಗೆ ಹೋದ ಚೀಲ

ಗಡಹಿಂಗ್ಲಜ ಬಸ್ ನಿಲ್ದಾಣ. ಬೆನ್ನಿಗೆ ಚೀಲ ಹಾಕಿಕೊಂಡು ಹೊರಟ ನಮ್ಮ ಮೂವರು ಗೆಳೆಯರ ತಿರುಗಾಟ ಮುಗಿಯಲು ಇನ್ನೆರಡೇ ದಿನ. ಕೊಲ್ಹಾಪುರದ ಬಸ್ಸಿನಲ್ಲಿ ಸೀಟು ಸಿಗಲಿಕ್ಕಿಲ್ಲ ಎಂಬ ಚಿಂತೆ ನನಗೆ ಬೆಳಗಿನಿಂದಲೇ ಹತ್ತಿತ್ತು. ಹೀಗಾಗಿ ಬಸ್ಸೊಂದು ಬಂದದ್ದೇ ತಡ, ಎಲ್ಲರೂ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ ನಾನು ಚೀಲವನ್ನೇ ಒಳಗೆ ತುರುಕಿದೆ. ಬಿ.ಪಿ. ಮಾತ್ರೆ, ಹೆಂಡತಿಗೆ ಕೊಂಡ ಚಪ್ಪಲಿ, ಎಲ್ಲ ಅದರಲ್ಲೇ ಇದ್ದವು.

ಆಮೇಲೆ ಬೋರ್ಡು ಓದಿದೆ. ಕೊಲ್ಹಾಪುರವಲ್ಲ, ಇಚಲಕರಂಜಿ. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು.

“ನೀ ಇಲ್ಲೇ, ಚೀಲ ಮುಂದ. ಭಾಳ ಶಾಣ್ಯಾ ನೋಡಪಾ,” ಎಂದ ಗೆಳೆಯ ಈರಣ್ಣ, ನನ್ನ ಹಿಂದೆಯೇ ಓಡುತ್ತ.

ಪುಣ್ಯಕ್ಕೆ ಬಸ್ಸು ನಿಲ್ದಾಣವನ್ನು ಒಂದು ಸುತ್ತು ಹಾಕಿ ಆಚೆ ಬದಿಗೆ ನಿಂತಿತು. ಏದುಸಿರು ಬಿಡುತ್ತ ಹತ್ತಿದೆವು. ಚೀಲದ ಮೇಲೆ ಕೈಯೂರಿ ಅಜ್ಜಿಯೊಬ್ಬಳು ಯಾರಿಗೋ ಮರಾಠಿಯಲ್ಲಿ ಬೈಯುತ್ತಿದ್ದಳು. ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದಳು.

“ನಿಂದೇನೋ ತಮ್ಮಾ ಈ ಚೀಲ? ನಿನ್ನ ಜಾಗಾದ ಸಲುವಾಗಿ ಇಷ್ಟು ಮಂದಿ ಕೂಡ ಜಗಳಾ ಆಡೇನಿ. ಕಂಡಕ್ಟರಗೂ ಬಿಟ್ಟಿಲ್ಲ. ಕುಂದರು.”

ಜಗಳದಲ್ಲಿ ಸೋತವರು ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಇದು ನಮ್ಮ ಬಸ್ಸಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಕುಳಿತೆ. ನಮ್ಮ ಹಿಂದೆ ಬಂದು ಕೆಳಗೇ ನಿಂತಿದ್ದ ಮೂರನೆಯ ಗೆಳೆಯನಿಗೂ ಹತ್ತಲು ಕೈಸನ್ನೆ ಮಾಡಿದೆ.

“ಇಚಲಕರಂಜ್ಯಾಗ ನಮಗೇನೈತೋ?” ಎಂದ ಈರಣ್ಣ.

“ನನ್ನ ಮಗಳ ಮನಿ ಐತಿ. ಊಟಕ್ಕ ಬರ್ರಿ,” ಎಂದಳು ಅಜ್ಜಿ.

ಬಸ್ಸು ಊರು ದಾಟುವಷ್ಟರಲ್ಲಿ, ಮಗಳ ಮನೆಯಲ್ಲಿ ಮೂವರಿಗೆ ಸಾಲುವಷ್ಟು ರೊಟ್ಟಿ ಇರುತ್ತವೋ ಇಲ್ಲವೋ ಎಂಬ ಚಿಂತೆ ನನಗೆ ಹತ್ತಿತ್ತು.