ಮೇ ತಿಂಗಳ ಬಾವಿ ನೀರು

“ಕುಡೀಬೇಡಿ ಅಕ್ಕೋರೆ, ನಾಲಿಗೆಗೆ ತಾಗಿಸಿ ನೋಡಿ ಸಾಕು” ಎಂದು ಬ್ರೋಕರ್ ನಾಯ್ಕರು ಆಗಷ್ಟೇ ಸೇದಿದ ಕೊಡಪಾನವನ್ನು ನನ್ನ ಬೊಗಸೆಗೆ ಬಗ್ಗಿಸಿದರು. ಬಾಯಿಗೆ ತಾಗಿದ್ದೇ ತಡ, ಉಗುಳಿದೆ. ಬರೀ ಉಪ್ಪು! ಡಿಸೆಂಬರಿನಲ್ಲಿ ಇದೇ ಬಾವಿಯ ನೀರು ಎಳನೀರಿನಂತಿದೆ ಎಂದು ಹೊಗಳಿದವಳು ನಾನೇ.

ಕುಮಟಾದ ಹಿನ್ನೀರಿನ ಬದಿಯ ಆ ಪುಟ್ಟ ಮನೆ ನನಗೆ ಲವ್ ಅಟ್ ಫಸ್ಟ್ ಸೈಟ್. ಟೀಚರ್ ಆಗಿ ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದವಳು, ರಿಟೈರ್ ಆದ ಮೇಲಾದರೂ ಸ್ವಂತ ಮನೆ ಬೇಕೆಂದು ಅಂದೇ ಅಗ್ರಿಮೆಂಟಿಗೆ ಸಿದ್ಧಳಾಗಿದ್ದೆ. ನಾಯ್ಕರು ಮಾತ್ರ, ಬೇಸಿಗೆಯಲ್ಲಿ ಹಿನ್ನೀರಿನ ಉಪ್ಪು ಬಾವಿಗೆ ಇಳಿಯಬಹುದು, ಮೇ ತಿಂಗಳ ನೀರು ನೋಡದೆ ಸಹಿ ಹಾಕಲು ಬಿಡುವುದಿಲ್ಲ ಎಂದು ಹಟ ಹಿಡಿದರು. ಕೈಗೆ ಬಂದ ಕಮಿಷನ್ ಬಿಟ್ಟು ಐದು ತಿಂಗಳು ಕಾಯಿಸಿದರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ನಾನು ಅವರನ್ನು ಬೈದದ್ದೆಷ್ಟು, ಮೈ ಗಾಡ್!

“ಸಾಕು ನಾಯ್ಕರೇ, ಸ್ವಂತ ಮನೆ ನನ್ನ ಹಣೆಯಲ್ಲಿ ಬರೆದಿಲ್ಲ” ಎಂದೆ.

“ಎಂತ ಸಾಕು? ಹೊನ್ನಾವರದಲ್ಲಿ ಇನ್ನೂ ಮೂರು ಮನೆ ಅದೆ. ಮಳೆ ಬೀಳೂದ್ರೊಳಗೆ ಮೂರೂ ಬಾವಿ ನೀರು ಕುಡ್ದು ನೋಡ್ವ. ಹತ್ತಿ ಸ್ಕೂಟರು!”

ಆ ಮೂರನೆಯ ಮನೆಯಲ್ಲಿ ನಾನೀಗ ಇದ್ದೇನೆ. ಪ್ರತಿ ಮೇ ತಿಂಗಳೂ ನಾಯ್ಕರು ಒಮ್ಮೆ ಬರುತ್ತಾರೆ. ಚಹಾ ಕಾಯಿಸಿಟ್ಟರೂ ನೇರ ಬಾವಿಕಟ್ಟೆಗೆ ಹೋಗಿ, ತಾವೇ ನೀರು ಸೇದಿ ಒಂದು ಲೋಟ ಕುಡಿದು, “ಆತು” ಎಂದ ಮೇಲೆಯೇ ಜಗಲಿ ಹತ್ತುತ್ತಾರೆ.