ಹಳದಿ ಕೋಣೆಯ ಅತ್ತಿಗೆ

ಆ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಅತ್ತಿಗೆಯೇ. ಮಾಲೀಕ ಅವಳ ಸ್ವಂತ ಮೈದುನ, ಅವನು ಹಾಗೆ ಕರೆದರೆ ಸರಿ. ಶಾಯಿ ಡಬ್ಬ ತಂದುಕೊಡುವ ಹಲ್ಲುದುರಿದ ಮುದುಕನೂ ಅತ್ತಿಗೆ ಎನ್ನುತ್ತಿದ್ದ. ಕಾರ್ಖಾನೆ ಎಂದರೆ ಮಹಾ ದೊಡ್ಡದೇನಲ್ಲ, ಮೂರು ಕೋಣೆ, ಹಿಂದೊಂದು ಅಂಗಳ. ಬಟ್ಟೆ ಒಗೆಯುವ ಮಷೀನಿನ ಗುಂಡಿಗಳ ಸುತ್ತ ಇರುವ ಅಂಕಿ, ಶಾಂಪೂ ಬಾಟಲಿಯ ಮೇಲಿನ ಅಕ್ಷರ, ಇಂಥವನ್ನು ಅಲ್ಲಿ ಅಚ್ಚು ಹಾಕುತ್ತಿದ್ದರು. ಅವನ್ನೂ ಯಾರೋ ಕೂತು ಅಚ್ಚು ಹಾಕಿರುತ್ತಾರೆ ಎಂದು ತಲೆ ಕೆರೆದುಕೊಂಡು ಯಾರೂ ತಲೆಗೆ ನೀರು ಹಾಕಿಕೊಳ್ಳುವುದಿಲ್ಲ.

ಅಚ್ಚಿನ ಮೂಲ ಅತ್ತಿಗೆಯ ಕೋಣೆಯಲ್ಲಿತ್ತು. ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆಗೆ ಅವಳು ಎಮಲ್ಷನ್ ಬಳಿಯಬೇಕು. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ, ಬೀಳದಲ್ಲಿ ನೀರಿಗೆ ಕರಗಿಹೋಗುವ ಅಂಟು ಅದು. ಒಣಗಿದ ಮೇಲೆ ಅಕ್ಷರಗಳ ಫಿಲ್ಮ್ ಇಟ್ಟು, ದೀಪ ಹಾಕಿ, ತೊಳೆದರೆ ಅಕ್ಷರವಿದ್ದ ಕಡೆ ಮಾತ್ರ ಜಾಲರಿ ತೆರೆದುಕೊಳ್ಳುತ್ತದೆ, ಶಾಯಿ ಅಲ್ಲಿಂದ ಇಳಿಯುತ್ತದೆ. ಫಿಲ್ಮ್ ಇಡುವ ಮೊದಲೇ ಬಿಸಿಲು ಸೋಕಿತೋ, ಬಳಿದದ್ದೆಲ್ಲ ಹಾಳು. ಅದಕ್ಕೇ ಆ ಕೋಣೆಗೆ ಕಿಟಕಿಯಿಲ್ಲ, ಅಂಟನ್ನು ಗಟ್ಟಿಮಾಡದ ಹಳದಿ ದೀಪವಷ್ಟೇ.

ಆ ಕೋಣೆಯನ್ನು ಅವಳಿಗೆ ಕೊಟ್ಟವನು ಗಂಡ. ಕಾರ್ಖಾನೆ ಶುರುಮಾಡಿದವನೂ ಅವನೇ. ಅವಳ ಅಡುಗೆಗೆ ಒಂದು ದಿನವೂ ಒಳ್ಳೆಯ ಮಾತಾಡದ ಮಹಾನುಭಾವ, ಅದೇನನ್ನಿಸಿತೋ, ಅವಳನ್ನು ಕರೆತಂದು, ನಿನ್ನ ಕೈಯ ಹದ ನನಗಿಲ್ಲ, ಇನ್ನು ಈ ಕೋಣೆ ನಿನ್ನದು ಎಂದ. ಗ್ಲೌಸ್ ಹಾಕಬೇಡ, ಅದರ ಪುಡಿ ಉದುರಿದರೆ ಜಾಲರಿಯಲ್ಲಿ ಸೂಜಿತೂತು ಬೀಳುತ್ತದೆ ಎಂದು ಕಲಿಸಿದ. ಅಂಚಿಗೆ ಒಸರಿದ ಅಂಟನ್ನು ಅವಳು ಬರಿ ಬೆರಳಲ್ಲೇ ಒರೆಸುತ್ತಿದ್ದಳು. ಅವನು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಅದನ್ನವಳು ಮರ್ಯಾದೆ ಎಂದುಕೊಂಡಳು.

ಗಂಡ ಎದೆನೋವಿನಲ್ಲಿ ಹೋದ. ಕುರ್ಚಿಯಲ್ಲಿ ಮೈದುನ ಕೂತ. ಮನೆಯಲ್ಲಿ ಅತ್ತಿಗೆ ಈಗ ಉಣ್ಣುವ ಒಂದು ಬಾಯಿ, ಅಷ್ಟೇ. ಆದರೆ ಕಾರ್ಖಾನೆಯಲ್ಲಿ ಅವಳು ಬಳಿಯದೆ ಯಾರ ಕೆಲಸವೂ ಹೊರಡುತ್ತಿರಲಿಲ್ಲ. ಆ ಕೋಣೆ ಕೈತಪ್ಪಿದರೆ ತನಗುಳಿಯುವುದು ಓರಗಿತ್ತಿಯ ಅಡುಗೆಮನೆಯ ಮೂಲೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಬೆರಳ ಸಂದಿಯಲ್ಲಿ ಕಡಿತ. ಆಮೇಲೆ ನೀರುಗುಳ್ಳೆ, ಆಮೇಲೆ ಬಿರುಕು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಕನ್ನಡಿ ಬೇಡ ನಿಜ, ಬೆಳಕಾದರೂ ಬೇಡವೇ? ಹಳದಿ ದೀಪದಡಿ ಕೆಂಪು ಬಣ್ಣ ಕೆಂಪಾಗಿ ಕಾಣುವುದಿಲ್ಲ. ಅಲ್ಲಿ ಎಲ್ಲರ ಚರ್ಮಕ್ಕೂ ಒಂದೇ ಬಣ್ಣ. ಅವಳು ಒಳಗೆ ಕೈ ನೋಡಿಕೊಂಡು ಸಮಾಧಾನಪಡುತ್ತಿದ್ದಳು, ಹೊರಗೆ ಬಂದರೆ ರವಿಕೆಯ ಉದ್ದ ತೋಳಿನೊಳಗೆ ಬಚ್ಚಿಡುತ್ತಿದ್ದಳು. ಓರಗಿತ್ತಿ ಕೇಳಿದಾಗ ಪಾತ್ರೆ ಸೋಪಿನ ಮೇಲೆ ತಪ್ಪು ಹೊರಿಸಿದಳು. ಚರ್ಮದ ಡಾಕ್ಟರು ಮಾತ್ರ ಸುತ್ತುಬಳಸಲಿಲ್ಲ: ಇದು ಆ ಅಂಟಿನದೇ ಕೆಲಸ, ಮೈ ಒಮ್ಮೆ ತಿರುಗಿಬಿದ್ದ ಮೇಲೆ ಒಂದು ಹನಿ ಸೋಕಿದರೂ ಗುಳ್ಳೆ ಏಳುತ್ತದೆ, ಇನ್ನು ಮುಟ್ಟಬೇಡಿ ಎಂದರು. ಅವಳು ಮುಲಾಮು ಹಚ್ಚಿಕೊಂಡು ಮರುದಿನ ಬೆಳಗ್ಗೆ ಬಳಿಯಲು ಕೂತಳು.

ಬಿರುಕು ಬಿಟ್ಟ ಬೆರಳಿನಿಂದ ಒಸರಿದ್ದು ಜಾಲರಿಗೆ ತಗುಲಿ, ಆ ಸಲದ ಬಾಟಲಿಗಳಲ್ಲೆಲ್ಲ ಅಕ್ಷರದ ಪಕ್ಕ ಒಂದೊಂದು ಚುಕ್ಕೆ ಬಿತ್ತು. ಗಿರಾಕಿ ಮಾಲು ವಾಪಸ್ ಕಳಿಸಿದ. ಮೈದುನ ಚೌಕಟ್ಟು ಹಿಡಿದು ಬಂದಾಗ ಅವಳು ಅಂಗಳದ ತೊಟ್ಟಿಯಲ್ಲಿ ಜಾಲರಿ ತೊಳೆಯುತ್ತಿದ್ದಳು, ರವಿಕೆಯ ತೋಳು ಮೇಲೆ ಸರಿದಿತ್ತು, ಬಿಸಿಲು ನೇರವಾಗಿ ಕೈ ಮೇಲೆ. ಅವನು ರೇಗುತ್ತಾನೆ ಎಂದು ಕಾದಳು. ಅವನು ರೇಗಲಿಲ್ಲ, ಬೆಚ್ಚಲೂ ಇಲ್ಲ.

'ಅಣ್ಣನ ಕೈಯೂ ಹೀಗೇ ಆಗಿತ್ತು,' ಎಂದ. 'ಅದಕ್ಕೇ ಅಲ್ವಾ ನಿಮ್ಮನ್ನ ಅಲ್ಲಿ ಕೂರಿಸಿದ್ದು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ, ಅತ್ತಿಗೆ.'

ಗೊತ್ತಿರಲಿಲ್ಲ. ಗಂಡನ ಕೈಯನ್ನು ಅವಳು ಹಿಡಿದದ್ದೆಲ್ಲ ಕತ್ತಲಲ್ಲಿ. ಒರಟು ಅನಿಸಿತ್ತು, ದುಡಿಯುವ ಗಂಡಸಿನ ಕೈ ಎಂದು ಹೆಮ್ಮೆಯೂ ಪಟ್ಟಿದ್ದಳು. ಅವನು ಬಾಳಿನಲ್ಲಿ ಆಡಿದ ಒಂದೇ ಒಂದು ಒಳ್ಳೆಯ ಮಾತೂ ಸುಳ್ಳು. ಬದುಕಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಸತ್ತವನ ಹತ್ತಿರ ಜಗಳಕ್ಕೆ ಹೋಗುವುದು ಹೇಗೆ?

ಮೈದುನ ಹೊಸಬಳೊಬ್ಬಳನ್ನು ಗೊತ್ತುಮಾಡಿದ, ಗಂಡ ಬಿಟ್ಟುಹೋದ, ಎರಡು ಮಕ್ಕಳ ತಾಯಿ. ಕೆಲಸ ಕಲಿಸಿಕೊಡಿ, ಬೇಡದ್ದನ್ನೆಲ್ಲ ತಲೆಗೆ ತುಂಬಬೇಡಿ, ನೀವೂ ಇನ್ನು ನಮ್ಮ ಮನೆಯಲ್ಲೇ ಇರುವವರಲ್ಲವೇ ಎಂದ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದ. ಗ್ಲೌಸ್ ಹಾಕಬಾರದೆಂದು ಹೊಸಬಳಿಗೆ ಆಗಲೇ ಹೇಳಿಯೂ ಆಗಿತ್ತು.

ಅತ್ತಿಗೆ ಅವಳನ್ನು ಕೋಣೆಗೆ ಕರೆದುಕೊಂಡು ಹೋಗಲಿಲ್ಲ. ಅಂಗಳದ ಬಿಸಿಲಿಗೆ ಕರೆತಂದು ಎರಡೂ ಕೈ ಚಾಚಿದಳು. ಅಂಟಿನ ವಿಷಯ, ಡಾಕ್ಟರ ಮಾತು, ಗಂಡ ಮಾಡಿದ್ದು, ಒಂದನ್ನೂ ಬಿಡದೆ ಹೇಳಿದಳು. ಬಾಗಿಲಲ್ಲಿ ಮೈದುನ ನಿಂತು ಕೇಳುತ್ತಿದ್ದಾನೆ, ಇವತ್ತು ಸಂಜೆಗೆ ತನ್ನ ಗಂಟುಮೂಟೆ ಹೊರಗೆ ಬೀಳುತ್ತದೆ ಎಂದು ಗೊತ್ತಿದ್ದೇ ಹೇಳಿದಳು. ಆಗಲಿ, ಇವಳೊಬ್ಬಳಾದರೂ ಉಳಿಯಲಿ ಎಂದುಕೊಂಡಳು.

ಹೊಸಬಳು ಆ ಕೈಗಳನ್ನು ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

'ಇಷ್ಟಾಗೋಕೆ ಎಷ್ಟು ವರ್ಷ ಬೇಕಾಯ್ತು?'

'ಹನ್ನೊಂದು.'

ಹೊಸಬಳು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. ಅವಳ ಮುಖ ಹಗುರವಾಯಿತು.

'ಹಾಗಾದ್ರೆ ಸಾಕು ಬಿಡಿ ಅತ್ತಿಗೆ. ಅಷ್ಟರಲ್ಲಿ ಚಿಕ್ಕವನ ಓದೂ ಮುಗಿದಿರುತ್ತೆ,' ಎಂದು ತೋಳು ಮೇಲೆ ಸರಿಸಿ, ಎಮಲ್ಷನ್ ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.